ಹೊಳೆಯ ಮರಳಿನಲ್ಲಿ ಒಂದು ಸಂಜೆ

ಬೇಸಗೆ ಮುಗಿಯುತ್ತ ಬಂದಿತು. ಆಗಿ ಹುಣ್ಣಿಮೆ ಕಳೆದಿದೆ. ಕಾರ ಹುಣ್ಣಿಮೆ ಇನ್ನೂ ಬಂದಿಲ್ಲ. ಶಾಲೆಗಳು ಬಾಗಿಲು ತೆರೆಯುವುದಕ್ಕೆ ಉಳಿದಿರುವ ದಿನಗಳನ್ನು ಮಕ್ಕಳು ಬೆರಳುಗಳ ಮೇಲೆ ಎಣಿಸತೊಡಗಿದ್ದಾರೆ. ಇಂಥ ದಿನಗಳಲ್ಲಿ ಮನೆಯವರೆಲ್ಲರೂ ಕೂಡಿ, ಹೆಚ್ಚಿನ ವೆಚ್ಚವಿಲ್ಲದೆ, ಬಯಲಿನಲ್ಲಿ ಒಂದು ಸಂಜೆಯನ್ನು ಕಳೆಯುವ ಬಗೆ ಹೇಗೆಂಬುದೇ ಈ ಹೊತ್ತಿನ ನಮ್ಮ ಮಾತು.

ಮಾನ್ವಿಯಲ್ಲಿ, ಅದೂ ಬೇಸಗೆಯಲ್ಲಿ, ಬಯಲಿನ ವಿಹಾರವೇ ಎಂದು ನಗುವವರು ಉಂಟು. ಅವರ ನಗೆ ನಿಷ್ಕಾರಣವಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡು, ಹಳೆಯ ಶಾಸನಗಳ ಎಡೆದೊರೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಕಾದ ಹೆಂಚಿನಂತೆ ಇರುವುದು. ಉಷ್ಣಮಾನವು 40 ಡಿಗ್ರಿಯನ್ನು ದಾಟಿದರೆ ಇಲ್ಲಿ ಯಾರೂ ಅದನ್ನು ಸುದ್ದಿಯೆಂದು ಹೇಳುವುದಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕವಿತೆಗಳನ್ನು ಪಾಠ ಹೇಳುವ ನಮಗೆ ಇದರಿಂದ ವರ್ಷವರ್ಷವೂ ಒಂದು ಪೇಚು ಒದಗುತ್ತದೆ. ಆ ದೇಶದ ಕವಿಗಳಿಗೆ ಬೇಸಗೆಯೆಂದರೆ ಹೂವು, ತಂಗಾಳಿ, ಪ್ರಣಯ. ಮಾನ್ವಿಯಲ್ಲಿ ಯಾರಾದರೂ ತನ್ನ ನಲ್ಲೆಯ ಮುಖವನ್ನು ಬೇಸಗೆಯ ಹಗಲಿಗೆ ಹೋಲಿಸಿದರೆ ಜಗಳವೇ ಆದೀತು! ಹುಡುಗರು ನಗುತ್ತಾರೆ; ನಾವೂ ನಕ್ಕು ಮುಂದಿನ ಪದ್ಯಕ್ಕೆ ಹೋಗುತ್ತೇವೆ.

ಆದರೆ ಪಾಠ ಹೇಳುವವರೇ ಪುಸ್ತಕಕ್ಕೆ ಮರುಳಾಗುವುದುಂಟು. ಮೂರು ವರ್ಷದ ಕೆಳಗೆ ನಾವು ಪುಸ್ತಕಗಳಲ್ಲಿ ಕಂಡ ವನಭೋಜನವನ್ನು ಮನಸ್ಸಿನಲ್ಲಿಟ್ಟುಕೊಂಡು, ಹಗಲು ಹನ್ನೊಂದು ಗಂಟೆಗೆ ಮನೆಮಂದಿಯನ್ನೆಲ್ಲ ಮೋಟಾರಿನಲ್ಲಿ ತುಂಬಿ ತುಂಗಭದ್ರೆಯ ದಡಕ್ಕೆ ಹೊರಟೆವು. ಆದ ಪರಿಣಾಮವನ್ನು ಏನೆಂದು ಹೇಳೋಣ? ಮೋಟಾರಿನ ಚಕ್ರ ಮರಳಿನಲ್ಲಿ ಹೂತಿತು. ಕಾಲಿಟ್ಟರೆ ಅಂಗಾಲು ಸುಟ್ಟಿತು. ಚಿಕ್ಕವನು ಅಳತೊಡಗಿದನು. ಅಲ್ಲೇ ಚಪ್ಪರದ ನೆರಳಿನಲ್ಲಿ ಕಲ್ಲಂಗಡಿ ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಪ್ಪಾ, ಇಂಥ ಬಿಸಲಾಗ ಕೂಸುಗಳ್ನ ಕರಕೊಂಡು ಬರ್ತಾರೇನು? ಹೊತ್ತು ಇಳಿದ ಮ್ಯಾಲ ಬರಬೇಕು. ಈಗ ಹೊಳಿನೂ ಮಲಗಿರತೈತಿ" ಎಂದಳು. ನಮ್ಮ ವಿದ್ವತ್ತಿಗೆ ಅಷ್ಟು ನೇರವಾದ ವಿಮರ್ಶೆ ಹಿಂದೆಂದೂ ದೊರೆತಿರಲಿಲ್ಲ.

ಅಂದಿನಿಂದ ನಾವು ಹೊತ್ತು ಇಳಿದಮೇಲೆಯೇ ಹೋಗುತ್ತೇವೆ. ನಾಲ್ಕೂವರೆಗೆ ಮನೆ ಬಿಟ್ಟರೆ ಸಾಕು. ಬುತ್ತಿಗೆ ಹೆಚ್ಚಿನ ಸಿದ್ಧತೆ ಬೇಡ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರನ್ನ; ದಾರಿಯಲ್ಲಿ ಕಟ್ಟಿಸಿಕೊಂಡ ಒಗ್ಗರಣೆ ಮಂಡಾಳು. ಒಂದು ಚಾಪೆ, ಒಂದು ಕೊಡ ನೀರು. ಆಟದ ಸಾಮಾನನ್ನು ಒಯ್ಯುವ ಗೊಡವೆಯೂ ಇಲ್ಲ. ಲಗೋರಿಗೆ ಬೇಕಾದ ಚಪ್ಪಟೆ ಕಲ್ಲುಗಳನ್ನು ಹೊಳೆಯೇ ನಯಮಾಡಿ ಇಟ್ಟಿರುತ್ತದೆ.

ಈ ಸಲ ನಮ್ಮ ತಾಯಿಯವರೂ ಬಂದಿದ್ದರು. ಅವರು ಹೊಳೆಯ ದಂಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಮರಳಿನ ಮೇಲೆ ಕುಳಿತ ಸ್ವಲ್ಪ ಹೊತ್ತಿಗೆ ಮೊಮ್ಮಕ್ಕಳನ್ನು ಹತ್ತಿರ ಕರೆದು, ಒರತೆ ತೆಗೆಯುವುದನ್ನು ತೋರಿಸಿದರು. ನಮ್ಮ ಕಡೆಯವರ ಬಾಯಲ್ಲಿ ಅದು ವರ್ತಿ. ಎರಡು ಕೈಗಳಿಂದಲೂ ಮರಳನ್ನು ತೋಡುತ್ತ ಹೋಗಬೇಕು. ಮೊದಲು ಬಿಸಿ ಮರಳು, ಗೇಣುದ್ದದ ಕೆಳಗೆ ತಂಪು ಮರಳು, ಮೊಣಕೈ ಮುಳುಗುವಷ್ಟು ತೋಡಿದಮೇಲೆ ತೇವ. ಆಮೇಲೆ ಒಮ್ಮೆಗೇ ತಳದಲ್ಲಿ ಕನ್ನಡಿಯ ಚೂರಿನಂತೆ ನೀರು! ಮೊದಲ ನೀರು ಕದಡಿರುತ್ತದೆ. ಅದನ್ನು ಮೂರು ಸಲ ಮೊಗೆದು ಚೆಲ್ಲಬೇಕು. ನಾಲ್ಕನೆಯ ಸಲ ಬರುವುದು ತಿಳಿನೀರು. ಮರಳಿನ ಕಣಗಳ ನಡುವಣ ಸಂದುಗಳಲ್ಲಿ ನೀರು ನಿಂತಿರುತ್ತದೆ; ಮೇಲಿನ ಒಣ ಪದರವು ಬಿಸಿಲನ್ನು ತಡೆಯುವುದರಿಂದ ಅದು ಬೇಗನೆ ಆರಿಹೋಗದು; ತೋಡಿದ ಕುಳಿಗೆ ಸುತ್ತಲಿಂದ ಒಸರಿ ಬಂದು ಸೇರುವುದು. ಹೀಗೆಂದು ನಾವು ವಿವರಿಸಹೊರಟೆವು. ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಕುಳಿಗಳಲ್ಲಿ ತಲೆಯಿಟ್ಟಿದ್ದರು.

ಹೊಸಪೇಟೆಯ ಬಳಿಯ ಅಣೆಕಟ್ಟು 1953ರಲ್ಲಿ ಸಿದ್ಧವಾದಮೇಲೆ ಎಡದಂಡೆಯ ಕಾಲುವೆಯು ಈ ಸೀಮೆಗೂ ಬಂದಿತು. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಬತ್ತದ ಗದ್ದೆಗಳಾದುವು. ಆದರೂ ನಮ್ಮ ತಾಯಿಯವರ ಬಾಲ್ಯದಲ್ಲಿ ಬೇಸಗೆಯ ಕುಡಿಯುವ ನೀರೆಂದರೆ ಒರತೆಯ ನೀರೇ. ಅಂದು ಅವರು ಮೊಮ್ಮಗಳು ತೆಗೆದ ಒರತೆಯಿಂದ ಒಂದು ಬೊಗಸೆ ನೀರನ್ನು ಎತ್ತಿಕೊಂಡರು. ಮೇಲಿನ ಊರುಗಳ ಕೊಚ್ಚೆ, ಗದ್ದೆಗಳ ಗೊಬ್ಬರ ಔಷಧಿಗಳು ಎಲ್ಲವೂ ಈ ಹೊಳೆಗೇ ಸೇರುತ್ತಿರುವುವಷ್ಟೆ. ಕುಡಿಯಬೇಡಿರೆಂದು ನಾವು ಹೇಳಿದೆವು. ಅವರು ನಮ್ಮನ್ನು ನೋಡಿದರು. ಬೊಗಸೆಯನ್ನು ತುಟಿಯವರೆಗೆ ತಂದವರು ಕಣ್ಣಿಗೆ ಒತ್ತಿಕೊಂಡು ಮರಳಿನ ಮೇಲೆ ಬಿಟ್ಟರು. ನಮ್ಮ ಮಾತು ಸರಿಯಾದುದೇ. ಆದರೂ ಅದನ್ನು ಆಡದೆ ಇರುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ಹೋದ ವರ್ಷ ಮಕ್ಕಳು ಆಡಿದ ದಿಬ್ಬವು ಈ ವರ್ಷ ಅಲ್ಲಿರಲಿಲ್ಲ. ಮರಳನ್ನು ಅಗೆದು ಸಾಗಿಸಿದ್ದರು. ಉಳಿದಿದ್ದುದು ಜೇಡಿಯ ಹೊಂಡ. ಮೇಲೆ ನಿಂತ ನೀರು ಮೊಣಕಾಲುದ್ದವೆಂದು ಕಂಡರೂ ಇಂಥ ಹೊಂಡ ಆಳೆತ್ತರವಿರಬಹುದು. ಮೊಸಳೆಗಳಿರುವ ಹೊಳೆಯೂ ಇದಹುದು. ಆದುದರಿಂದ ಹೋಗುವವರು ದಂಡೆಯ ಊರಿನವರನ್ನು ಕೇಳಿ ಸ್ಥಳವನ್ನು ಆರಿಸತಕ್ಕದ್ದು. ಮಕ್ಕಳನ್ನು ಮರಳಿನಲ್ಲಿ ಆಡಿಸಬೇಕೇ ಹೊರತು ನೀರಿಗೆ ಇಳಿಸಬಾರದು. ಹೊಳೆ ದೂರವಾದವರಿಗೆ ಮನೆಯ ಮಾಳಿಗೆಯೇ ಸಾಕು. ರಾಯಚೂರಿನವರಿಗೆ ಕೋಟೆಯ ಗೋಡೆ ಇದ್ದೇ ಇದೆ.

ಊಟವಾದಮೇಲೆ ಚಾಪೆಯ ಮೇಲೆ ಮಲಗಿದೆವು. ಹುಣ್ಣಿಮೆ ಕಳೆದು ಆರನೆಯ ದಿನವಾದುದರಿಂದ ಚಂದ್ರನು ತಡವಾಗಿ ಬರುವವನಿದ್ದನು, ನಕ್ಷತ್ರಗಳು ನಿಚ್ಚಳವಾಗಿದ್ದುವು. ಉತ್ತರಕ್ಕೆ ಸಪ್ತರ್ಷಿಮಂಡಲ, ಅದರ ಬಾಲದ ಬಾಗಿದ ಗೆರೆಯನ್ನು ಹಿಡಿದು ಹೋದರೆ ನಡುನೆತ್ತಿಯ ಬಳಿ ಸ್ವಾತಿ, ಇನ್ನೂ ಮುಂದೆ ದಕ್ಷಿಣಕ್ಕೆ ಚಿತ್ತೆ. ಚಿಕ್ಕವನು ಕೇಳಿದನು: "ಅಜ್ಜಿ ಮಿರಗದ ಮಳಿ ಅಂತಾಳಲ್ಲ, ಆ ಮಿರಗ ಎಲ್ಲೈತಿ?" ಒಳ್ಳೆಯ ಪ್ರಶ್ನೆ. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಅದರ ಹೆಸರೇ ಆಗಿನ ಮಳೆಗೆ. ಜೂನ್ 8ರ ಹೊತ್ತಿಗೆ ಅವನು ಮೃಗಶಿರವನ್ನು ಸೇರುತ್ತಾನೆ. ಆದುದರಿಂದ ಮಳೆಯ ದಿನಗಳಲ್ಲಿ ಆ ನಕ್ಷತ್ರವು ಅವನ ಬೆಳಕಿನಲ್ಲಿ ಮರೆಯಾಗಿ ನಮಗೆ ಕಾಣುವುದಿಲ್ಲ. ಇಷ್ಟನ್ನು ಹೇಳಿದಾಗ ಅವನು ಕೊಂಚ ಹೊತ್ತು ಯೋಚಿಸಿ, "ಹಂಗಾರ ಮಳಿ ಸೂರ್ಯನ ಹಿಂದ ಅಡಗಿ ಕುಂತೈತೇನು?" ಎಂದನು. ಅಹುದೆಂದೆವು.

ಹೊರಡುವಾಗ ದೊಡ್ಡ ಮಗಳು ತಾನು ತೆಗೆದ ಒರತೆಯನ್ನು ಮರಳಿನಿಂದ ಮುಚ್ಚುತ್ತಿದ್ದಳು. ಇರುಳಿನಲ್ಲಿ ಕರು ಕಾಲಿಟ್ಟು ಬಿದ್ದೀತೆಂದು ಅಜ್ಜಿ ಹೇಳಿದ್ದರು. ಮುಂದಿನ ತಿಂಗಳು ಅವಳು ಓದಿಗಾಗಿ ದೂರದ ಪಟ್ಟಣಕ್ಕೆ ಹೋಗುವವಳು. ಅತ್ತ ಮೇಲೆ ಮಳೆಯಾಗಿ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಈ ಮರಳೂ ಮುಳುಗುವುದು. ಬರುವ ಭಾನುವಾರ ಇನ್ನೊಮ್ಮೆ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ಚಾಪೆ ಮೋಟಾರಿನಲ್ಲಿಯೇ ಇದೆ. ಅದರಲ್ಲಿ ಹಿಡಿದ ಮರಳನ್ನು ಯಾರೂ ಇನ್ನೂ ಕೊಡವಿಲ್ಲ.