ಅಡುಗೆಮನೆಯ ಹಿಟ್ಟು, ಮುಖದ ಆರೈಕೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಶಿವನಸಮುದ್ರದಲ್ಲಿ ನಡೆದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



 ನನಗೆ ಕೊಟ್ಟಿರುವ ವಿಷಯ ‘ಮನೆಯಲ್ಲೇ ಮುಖದ ಆರೈಕೆ’. ಹಾಲಿನ ಸಂಘಕ್ಕೂ ಮುಖಕ್ಕೂ ಏನು ಸಂಬಂಧ ಅಂತ ಹಿಂದಿನ ಸಾಲಿನ ಯಜಮಾನರು ನಗ್ತಾ ಇದ್ದಾರೆ. ನಗಲಿ. ಕತ್ತಲೆಯಲ್ಲೇ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಆಮೇಲೆ ನಾಟಿಗೋ ಕಬ್ಬಿನ ಕಳೆಗೋ ಹೋಗುವವರು ನಾವು. ಬಿಸಿಲು, ಬೆವರು, ಕಬ್ಬಿನ ಗರಿಯ ಗೀರು ಎಲ್ಲವೂ ಬೀಳುವುದು ಈ ಮುಖದ ಮೇಲೇ.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ಯಾರೋ ‘ಹುಡುಗಿ ಸ್ವಲ್ಪ ಕಪ್ಪು’ ಅಂದರಂತೆ. ಆ ಒಂದು ಮಾತಿಗೆ ಮಗು ಅಂಗಡಿಯಿಂದ ಒಂದು ಟ್ಯೂಬು ತಂದು ಹಚ್ಚಿತು. ಹದಿನೈದು ದಿನ ಮುಖ ತಿಳಿಯಾಯಿತು, ಮನೆಯವರೆಲ್ಲ ಖುಷಿಪಟ್ಟೆವು. ಮೂರು ತಿಂಗಳಿಗೆ ಮುಖವೆಲ್ಲ ಕೆಂಪು, ಉರಿ, ಮೊಡವೆ. ಬಿಟ್ಟರೆ ಇನ್ನೂ ಹೆಚ್ಚು, ಹಚ್ಚಿದರೆ ಕಡಿಮೆ. ಚರ್ಮದ ವೈದ್ಯರು ಟ್ಯೂಬು ನೋಡಿ ‘ಇದರಲ್ಲಿ ಸ್ಟೀರಾಯ್ಡ್ ಇದೆಯಲ್ಲಮ್ಮ’ ಅಂದರು. ಗುಣವಾಗಲು ವರ್ಷವೇ ಹಿಡಿಯಿತು. ಆರೋಗ್ಯ ಇಲಾಖೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ನಾನೂ ಆ ಟ್ಯೂಬನ್ನು ಒಮ್ಮೆ ತಿರುಗಿಸಿ ಓದಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಸ್ಟೀರಾಯ್ಡ್ ಮುಲಾಮು ಕೆಟ್ಟದ್ದಲ್ಲ. ವೈದ್ಯರು ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಹಚ್ಚಿದರೆ ಔಷಧಿ. ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಚರ್ಮ ತೆಳುವಾಗುತ್ತದೆ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಬೆಳ್ಳಗೆ ಮಾಡುತ್ತೇವೆ ಅನ್ನುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುವುದೂ ಉಂಟು. ಅದು ಮೂತ್ರಪಿಂಡಕ್ಕೇ ಕುತ್ತು. ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು ಇಲ್ಲದ ಡಬ್ಬಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಹಾಗಾದರೆ ಏನು ಹಚ್ಚೋದು ಅಂತ ಕೇಳ್ತೀರಿ. ನಮ್ಮ ಅಜ್ಜಿಯರು ಎಣ್ಣೆನೀರಿನ ದಿನ ಬಳಸುತ್ತಿದ್ದ ಹಿಟ್ಟೇ ಸಾಕು. ಹೆಸರುಹಿಟ್ಟು ಒಂದು ಪಾವು, ಕಡಲೆಹಿಟ್ಟು ಅರ್ಧ ಪಾವು, ಮನೆಯಲ್ಲೇ ಕುಟ್ಟಿದ ಅರಿಶಿನ ಒಂದು ಸಣ್ಣ ಚಮಚ. ಮೂರನ್ನೂ ತೆಳುಬಟ್ಟೆಯಲ್ಲಿ ಜಾಲಿಸಿ, ಒಣಗಿದ ಗಾಜಿನ ಶೀಶೆಯಲ್ಲಿ ತುಂಬಿಡಿ. ಬೇಕಾದಾಗ ಒಂದು ಚಮಚ ತೆಗೆದು, ಎಣ್ಣೆಮುಖದವರು ಮೊಸರಿನಲ್ಲಿ, ಒಣಮುಖದವರು ಹಾಲಿನ ಕೆನೆಯಲ್ಲಿ ಕಲಸಿ ಹಚ್ಚಿ. ಹತ್ತು ನಿಮಿಷ ಬಿಟ್ಟು, ಪೂರ್ತಿ ಒಣಗಿ ಬಿಗಿಯುವ ಮೊದಲೇ ತಣ್ಣೀರಿನಲ್ಲಿ ತೊಳೆಯಿರಿ. ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಡಿ. ವಾರಕ್ಕೆ ಎರಡು ಸಲ ಸಾಕು.

ಬಿಸಿಲಿಗೆ ಮುಖ ಉರಿದರೆ ಬೇಲಿಯ ಲೋಳೆಸರ ಇದೆ. ಎಲೆ ಕೊಯ್ದು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ. ಹಳದಿ ರಸ ಇಳಿದುಹೋಗಲಿ, ಅದು ತುರಿಕೆ ತರುತ್ತದೆ. ಆಮೇಲೆ ತೊಳೆದು, ಸಿಪ್ಪೆ ತೆಗೆದು, ಒಳಗಿನ ತಿಳಿ ಲೋಳೆ ಮಾತ್ರ ಹಚ್ಚಿ. ಒಡೆದ ತುಟಿಗೆ ಕೊಬ್ಬರಿ ಎಣ್ಣೆ ಒಳ್ಳೆಯದು. ಮೊಡವೆ ಇರುವ ಮುಖಕ್ಕೆ ಎಣ್ಣೆ ಬೇಡ.

ಈಗ ಡೇರಿಯ ಮಾತಿಗೆ ಬರುತ್ತೇನೆ. ನಿನ್ನೆಯ ಹಾಲನ್ನು ನಮ್ಮ ಕಾರ್ಯದರ್ಶಿಗಳು ಇವತ್ತು ಅಳೆದುಕೊಳ್ಳುತ್ತಾರೆಯೇ? ಮುಖಕ್ಕೆ ಕಲಸಿದ್ದೂ ಹಾಗೇ. ಒಣಹಿಟ್ಟು ತಿಂಗಳು ಉಳಿಯುತ್ತದೆ, ನೀರು ಮೊಸರು ಬಿದ್ದ ಗಳಿಗೆಯಿಂದ ಅದು ಹುಳಿಯುವ ಪದಾರ್ಥ. ಉಳಿದದ್ದನ್ನು ಚೆಲ್ಲಿ, ನಾಳೆಗೆ ಇಡಬೇಡಿ. ಪರೀಕ್ಷೆ ಮಾಡದೆ ಹಾಲು ಕ್ಯಾನಿಗೆ ಸುರಿಯುವುದಿಲ್ಲ, ಅಲ್ಲವೇ? ಹೊಸದು ಏನೇ ಆಗಲಿ, ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ನೋಡಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದರೆ ಮುಖಕ್ಕೆ.

ಗಿಡದ್ದು ಅಂದಮಾತ್ರಕ್ಕೆ ನಿರಪಾಯ ಅಂತ ತಿಳಿಯಬೇಡಿ. ಕಳ್ಳಿಹಾಲೂ ಗಿಡದ್ದೇ, ಕಣ್ಣಿಗೆ ಬಿದ್ದರೆ ಏನಾಗುತ್ತೆ ಗೊತ್ತಲ್ಲ? ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಬಂದು ಕಪ್ಪು ಕಲೆ ನಿಲ್ಲುತ್ತದೆ. ಸಂತೆಯ ಪುಡಿ ಅರಿಶಿನಕ್ಕೆ ಬಣ್ಣ ಬೆರೆಸುವವರಿದ್ದಾರೆ, ಆದ್ದರಿಂದ ಕೊಂಬು ತಂದು ಕುಟ್ಟಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಇದರಿಂದ ಮುಖ ಚೊಕ್ಕಟವಾಗುತ್ತದೆ, ಮೆತ್ತಗಾಗುತ್ತದೆ, ಬಣ್ಣ ಬದಲಾಗುವುದಿಲ್ಲ. ಬಸುರಿಯಲ್ಲಿ ಬರುವ ಬಂಗು ಹಿಟ್ಟಿಗೆ ಹೋಗುವುದಿಲ್ಲ. ಅದಕ್ಕೆ ಮೊದಲ ಉಪಾಯ ತಲೆಯ ಮೇಲಿನ ಸೆರಗು, ಟವಲು, ಕೊಡೆ. ಮುಟ್ಟಿದರೆ ಸ್ಪರ್ಶ ತಿಳಿಯದ ತಿಳಿಮಚ್ಚೆ ಕಂಡರೆ ಯಾವ ಲೇಪವೂ ಬೇಡ, ನೇರ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಅದು ಕುಷ್ಠವೇ ಆಗಿದ್ದರೂ ಹೆದರಬೇಡಿ. ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ.

ಮಳೆಗಾಲದಲ್ಲಿ ಗಗನಚುಕ್ಕಿ ನೋಡಲು ಬರುವ ಜನಕ್ಕೆ ಈ ಪುಡಿಯನ್ನು ಪೊಟ್ಟಣ ಕಟ್ಟಿ ಮಾರೋಣವೇ ಅಂತ ನಮ್ಮ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ಕೇಳಿದ್ದಾರೆ. ಆಸೆ ಒಳ್ಳೆಯದು. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ಕೊರಡು ಹೊರದೇಶಕ್ಕೆ ಹೋಗದೆ ನಿಂತಾಗ ಮೈಸೂರು ಸಂಸ್ಥಾನದವರು ಕೈಕಟ್ಟಿ ಕೂರಲಿಲ್ಲ. ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ ಇಲ್ಲೇ ಗಂಧದೆಣ್ಣೆ ತೆಗೆಸಿದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ದಾರಿಯಲ್ಲೇ. ಅದರ ಹಿಂದೆ ಎಸ್.ಜಿ. ಶಾಸ್ತ್ರಿಯವರಂಥ ರಸಾಯನಶಾಸ್ತ್ರ ಬಲ್ಲವರ ದುಡಿಮೆ ಇತ್ತು. ನಾವೂ ತಿಳಿದುಕೊಂಡೇ ಇಳಿಯಬೇಕು. ಮನೆಮಂದಿಗೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಾರಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯಂತೆ ಲೈಸೆನ್ಸ್ ಬೇಕು, ಚೊಕ್ಕಟವಾದ ಜಾಗ ಬೇಕು. ಒಬ್ಬೊಬ್ಬರಿಗೆ ಇದು ಭಾರ. ಸಂಘ ಜೊತೆಗೆ ನಿಂತರೆ ಆಗದ ಕೆಲಸವಲ್ಲ. ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಬೇಕೆಂದು ನನ್ನ ವಿನಂತಿ.

ಕಡೆಯದಾಗಿ ತಾಯಂದಿರಲ್ಲಿ ಒಂದು ಪ್ರಾರ್ಥನೆ. ಹೆಣ್ಣು ನೋಡಲು ಬಂದವರು ಬಣ್ಣದ ಮಾತೆತ್ತಿದರೆ ಮಗಳ ಕೈಗೆ ಟ್ಯೂಬು ಕೊಡಬೇಡಿ, ಬಂದವರ ಕೈಗೆ ಕಾಫಿ ಕೊಟ್ಟು ಕಳಿಸಿ. ಎಮ್ಮೆ ಕಪ್ಪು ಅಂತ ಅದರ ಹಾಲಿಗೆ ನಮ್ಮ ಸಂಘ ಒಂದು ದಿನವೂ ದರ ಕಡಿಮೆ ಮಾಡಿಲ್ಲ.