ಕೂದಲು, ಉಗುರು ಮತ್ತು ದೇಹದ ಚಯಾಪಚಯ



ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಕೈಯುಗುರು ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಹೊರಗೆ ಕಾಣುವ ಭಾಗ ನಿರ್ಜೀವವಾದರೂ ಬುಡದ ಜೀವಕೋಶಗಳು ಸದಾ ವಿಭಜನೆಗೊಳ್ಳುತ್ತಿರುತ್ತವೆ. ಅದಕ್ಕೆ ಬೇಕಾದ ಪ್ರೋಟೀನು ಮತ್ತು ಶಕ್ತಿಯನ್ನು ರಕ್ತವೇ ಒದಗಿಸಬೇಕು. ಆದುದರಿಂದ ಚಯಾಪಚಯ ಕುಂದಿದಾಗ ಈ ಬೆಳವಣಿಗೆಯೂ ಕುಂದುತ್ತದೆ.

ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದವರಿಗೆ ಚಳಿ ತಡೆಯದು. ಕೂದಲು ಒರಟಾಗಿ ಉದುರುತ್ತದೆ, ಉಗುರು ನಿಧಾನವಾಗಿ ಬೆಳೆಯುತ್ತದೆ. ಹವೆಯ ಬಿಸಿ-ತಂಪಿನ ಪ್ರಭಾವವಾದರೋ ಅಲ್ಪ. ಏಕೆಂದರೆ ದೇಹವು ತನ್ನ ತಾಪವನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಾಯ್ದುಕೊಳ್ಳುತ್ತದೆ. ತೀವ್ರ ಜ್ವರದ ಎರಡು-ಮೂರು ತಿಂಗಳ ನಂತರ ಕೂದಲು ಉದುರುವುದುಂಟು. ಅದು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ.

ಆಹಾರದ ಕೊರತೆ ಮಾತ್ರ ಉಪೇಕ್ಷಿಸತಕ್ಕದ್ದಲ್ಲ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಮಕ್ಕಳ ಅಪೌಷ್ಟಿಕತೆಯನ್ನು ದೀರ್ಘಕಾಲ ಅಭ್ಯಸಿಸಿದೆ. ಅಂಥ ಅಪೌಷ್ಟಿಕತೆಯ ಒಂದು ರೂಪವಾದ ಕ್ವಾಷಿಯೋರ್ಕರ್ ರೋಗದಲ್ಲಿ ಮಗುವಿನ ಕಪ್ಪು ಕೂದಲು ಕೆಂಚಾಗಿ, ತೆಳುವಾಗಿ, ಮೆಲ್ಲಗೆ ಎಳೆದರೂ ಕಿತ್ತುಬರುತ್ತದೆ, ಪಾದಗಳು ಊದಿಕೊಳ್ಳುತ್ತವೆ. ಇದು ತಲೆಗೆ ಎಣ್ಣೆ ಹಚ್ಚುವುದರಿಂದ ಹೋಗುವ ದೋಷವಲ್ಲ, ಪ್ರಾಣಾಪಾಯದ ಮುನ್ಸೂಚನೆ. ಅಂಥ ಮಗುವನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಹೆತ್ತವರ ಮೊದಲ ಕರ್ತವ್ಯ.