ಸಂಶೋಧನೆಗೂ ಟಾರ್ಗೆಟ್ಟೇ?

(ಟಿ. ದಾಸರಹಳ್ಳಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ವಿಶ್ವವಿದ್ಯಾನಿಲಯದ ಮೇಷ್ಟರುಗಳು ಸಂಶೋಧನೆ ಮಾಡುವುದಿಲ್ಲ, ಸಂಬಳ ಎಣಿಸುತ್ತಾರೆ ಎಂಬ ಮಾತು ನಮ್ಮ ಅಂಗಡಿ ಜಗುಲಿಗಳಲ್ಲೂ ಕೇಳಿಬರುತ್ತದೆ. ನಾವು ಕೊಳ್ಳುವ ಸೋಪಿನ ತೆರಿಗೆಯೂ ಆ ಸಂಬಳದಲ್ಲಿ ಸೇರಿರುವುದರಿಂದ ಕೇಳುವ ಹಕ್ಕು ನಮಗುಂಟು. ಆದರೆ ಪೀಣ್ಯದಲ್ಲಿ ಮಾಲು ಕಡಿಮೆ ಬಂದರೆ ಮಾಲೀಕರು ಮೊದಲು ಆಳನ್ನು ಬಯ್ಯುತ್ತಾರೆ, ಲೇತಿನ ಸ್ಥಿತಿ ನೋಡುವುದು ಆಮೇಲೆ. ನಾವೂ ಹಾಗೆ ಮಾಡುವುದು ತರವಲ್ಲ.

ಮೈಗಳ್ಳರು ಅಲ್ಲಿಯೂ ಇದ್ದಾರೆ, ಇರಲಿ. ಉಳಿದವರಿಗೆ ಹೊತ್ತೆಲ್ಲಿದೆ? ಯು.ಜಿ.ಸಿ.ಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಪಾಠದ ಸಿದ್ಧತೆ, ಉತ್ತರ ಪತ್ರಿಕೆ ತಿದ್ದುವುದು ಬೇರೆ. ಖಾಯಂ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರಿಂದ ಕೆಲಸ ಸಾಗಿಸುವುದು ನಮ್ಮ ರಾಜ್ಯದಲ್ಲಿ ರೂಢಿಯಾಗಿಬಿಟ್ಟಿದೆ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇವರು 2022ರವರೆಗೆ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿಗೆ ದುಡಿದರು. ಹೋರಾಟದ ಮೇಲೆ ಗೌರವಧನ ಏರಿತು (ಹೆಸರೇನೋ ಗೌರವದ್ದೇ!), ಜೊತೆಗೆ ವಾರದ ಪಾಠವೂ 15 ಗಂಟೆಗೆ ಏರಿ ಹಲವರ ಕೆಲಸವೇ ಹೋಯಿತು. ಬರುವ ವರ್ಷ ಕೆಲಸ ಉಂಟೋ ಇಲ್ಲವೋ ಅರಿಯದವರು ಐದು ವರ್ಷದ ಸಂಶೋಧನೆಗೆ ಹೇಗೆ ಕೈಹಾಕಿಯಾರು? ಗುತ್ತಿಗೆಯಲ್ಲಿ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ತುಮಕೂರು ರಸ್ತೆಯಲ್ಲಿ ಯಶವಂತಪುರ ದಾಟಿದರೆ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದಕ್ಕೆ ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತ್ತು. ಅಲ್ಲಿ ಪ್ರಯೋಗಶಾಲೆಗಳಿವೆ, ಕೇಂದ್ರದ ಹಣವಿದೆ, ಸಂಶೋಧನೆಯನ್ನೇ ಮಾಡುವ ವಿದ್ಯಾರ್ಥಿಗಳಿದ್ದಾರೆ. 1964ರ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಬಂದದ್ದು ಕಾಲೇಜುಗಳ ಪರೀಕ್ಷೆ ನಡೆಸುವ ಹೊರೆ. ದೇಶದ ಒಟ್ಟು ಉತ್ಪನ್ನದ ನೂರು ರೂಪಾಯಿಯಲ್ಲಿ ಸಂಶೋಧನೆಗೆ ಹೋದದ್ದು 2020-21ರಲ್ಲಿ 64 ಪೈಸೆ. ದಕ್ಷಿಣ ಕೊರಿಯಾದಲ್ಲಿ ನಾಲ್ಕು ರೂಪಾಯಿಗೂ ಮೇಲೆ.

ಹೊತ್ತನ್ನೂ ಸಲಕರಣೆಯನ್ನೂ ಕೊಡದ ಅಧಿಕಾರಿಗಳು ಲೆಕ್ಕವನ್ನು ಮಾತ್ರ ಕೇಳಿದರು. 2010ರಲ್ಲಿ ಯು.ಜಿ.ಸಿ. ಒಂದು ಲೇಖನಕ್ಕೆ ಇಷ್ಟು ಅಂಕ, ಒಂದು ಪುಸ್ತಕಕ್ಕೆ ಇಷ್ಟು ಎಂದು ಬಡ್ತಿಗೆ ಗಂಟುಹಾಕಿತು. ಗಂಟೆಗಿಷ್ಟು ಟಾರ್ಗೆಟ್ಟು ಎಂದರೆ ಹೊಲಿಗೆಯ ಗತಿ ಏನಾಗುತ್ತದೆಂದು ನಮ್ಮ ಗಾರ್ಮೆಂಟ್ಸಿನ ಅಕ್ಕತಂಗಿಯರು ಬಲ್ಲರು. ಹಾಗೆಯೇ ಆಯಿತು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯು.ಜಿ.ಸಿ.ಯೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು.

ನಿಮ್ಮ ಮಕ್ಕಳು ಕಲಿಯುವುದು ಇದೇ ಮೇಷ್ಟರುಗಳ ಬಳಿ. ಓಟು ಕೇಳಲು ಬಂದವರನ್ನು ಈ ಸಲ ಚರಂಡಿ, ನೀರಿನ ಜೊತೆಗೆ ಇದನ್ನೂ ಕೇಳಿ: ವಿಶ್ವವಿದ್ಯಾನಿಲಯದಲ್ಲಿ ಖಾಲಿ ಹುದ್ದೆ ಎಷ್ಟು, ಖಾಯಂ ನೇಮಕ ಯಾವ ತಿಂಗಳು?